ಡ್ರಾಯಿಂಗ್ ಕಳಿಸುವಾಗ ಪಿಡಿಎಫ್ ಸಾಕೇ, ಡಿಡಬ್ಲ್ಯುಜಿ ಬೇಕೇ?

ಮನೆ ಕಟ್ಟಿಸುವವರಿಗೆ ಆರ್ಕಿಟೆಕ್ಟ್ ಕಡೆಯಿಂದ ಒಂದು ಇಮೇಲ್ ಬರುತ್ತದೆ. ಅದರ ಜೊತೆ ಇರುವ ಫೈಲಿನ ಹೆಸರಿನ ಕೊನೆಯಲ್ಲಿ ಡಿಡಬ್ಲ್ಯುಜಿ ಎಂದಿದೆ. ಮೊಬೈಲಿನಲ್ಲಿ ಎಷ್ಟು ಸಲ ಒತ್ತಿದರೂ ತೆರೆಯುವುದಿಲ್ಲ. "ಓಪನ್ ಆಗ್ತಿಲ್ಲ ಸಾರ್, ಫೋಟೋ ತೆಗೆದು ವಾಟ್ಸ್‌ಆಪ್ ಮಾಡಿಬಿಡಿ" ಎಂಬ ಉತ್ತರ ಹೋಗುತ್ತದೆ. ಅತ್ತ ಪೀಣ್ಯದ ಯಾವುದೋ ಲೇಸರ್ ಕಟಿಂಗ್ ಘಟಕದಲ್ಲಿ ಇದರ ಉಲ್ಟಾ ನಡೆಯುತ್ತಿರುತ್ತದೆ. ಅಲ್ಲಿಗೆ ಬಂದಿರುವುದು ಅಚ್ಚುಕಟ್ಟಾದ ಪಿಡಿಎಫ್, ಯಂತ್ರಕ್ಕೆ ಬೇಕಿರುವುದು ಡಿಎಕ್ಸ್‌ಎಫ್.

ಎರಡೂ ಕಡೆ ಡ್ರಾಯಿಂಗಿನಲ್ಲಿ ತಪ್ಪಿಲ್ಲ. ಅದನ್ನು ಯಾವ ರೂಪದಲ್ಲಿ ಕಳಿಸಬೇಕಿತ್ತು ಎಂಬುದರಲ್ಲಿ ಎಡವಟ್ಟಾಗಿದೆ. ಇಂಥ ಎಡವಟ್ಟಿಗೆ ತೆರುವ ಬೆಲೆ ಒಮ್ಮೊಮ್ಮೆ ಅರ್ಧ ದಿನದ ಫೋನ್ ಮಾತುಕತೆ, ಇನ್ನೊಮ್ಮೆ ಗುಜರಿಗೆ ಹೋಗುವ ಒಂದು ಲೋಡ್ ಸ್ಟೀಲ್. ವಿಮಾನ ತಯಾರಿಸುವವರು ಇದಕ್ಕೆ ಎಷ್ಟು ತೆತ್ತಿದ್ದಾರೆ ಎಂಬುದನ್ನು ಮುಂದೆ ನೋಡೋಣ.

ನೀಲನಕ್ಷೆಯ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ

ನಾವು ಈಗಲೂ 'ನೀಲನಕ್ಷೆ' ಎನ್ನುತ್ತೇವಲ್ಲ, ಆ ಹೆಸರು ಬಂದದ್ದು ನಿಜವಾಗಿಯೂ ನೀಲಿಯಾಗಿದ್ದ ಕಾಗದದಿಂದ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ವಿಧಾನದಲ್ಲಿ, ಕಬ್ಬಿಣದ ಲವಣಗಳನ್ನು ಬಳಿದ ಕಾಗದದ ಮೇಲೆ ಮೂಲ ಡ್ರಾಯಿಂಗನ್ನಿಟ್ಟು ಬಿಸಿಲಿಗೆ ಒಡ್ಡುತ್ತಿದ್ದರು. ಬೆಳಕು ಬಿದ್ದ ಜಾಗ ನೀಲಿಯಾಗುತ್ತಿತ್ತು, ಗೆರೆಯ ನೆರಳಿನಲ್ಲಿದ್ದ ಜಾಗ ಬಿಳಿಯಾಗಿ ಉಳಿಯುತ್ತಿತ್ತು. ಮೂಲವನ್ನು ನೇರವಾಗಿ ಮೇಲಿಟ್ಟು ತೆಗೆದ ಪ್ರತಿಯಾದ್ದರಿಂದ ಅಳತೆ ಮೂಲದ್ದೇ ಆಗಿರುತ್ತಿತ್ತು. ಗೆರೆಗಳನ್ನು ಗುಟ್ಟಾಗಿ ತಿದ್ದುವುದು ಕಷ್ಟವಿತ್ತು. ಓದಲು ಕಣ್ಣೊಂದಿದ್ದರೆ ಸಾಕಿತ್ತು.

ಕಂಪ್ಯೂಟರ್ ಬಂದ ಮೇಲೆ ಈ ಮೂರು ಗುಣಗಳು ಬೇರೆ ಬೇರೆ ಫೈಲುಗಳಿಗೆ ಹಂಚಿಹೋದವು. ಓದಲು ಸುಲಭವಾದದ್ದು ಅಳತೆಗೆ ಆಗದು, ಅಳತೆಗೆ ಆಗುವುದು ಎಲ್ಲರ ಬಳಿಯೂ ತೆರೆಯದು. ಆದ್ದರಿಂದ "ಯಾವ ಫಾರ್ಮ್ಯಾಟ್ ಒಳ್ಳೆಯದು?" ಎಂದು ಕೇಳಿ ಪ್ರಯೋಜನವಿಲ್ಲ. ಗ್ರಾಹಕರು ಇದನ್ನಿಟ್ಟುಕೊಂಡು ಏನು ಮಾಡುತ್ತಾರೆ ಎಂದು ಕೇಳಬೇಕು. ನೋಡಿ ಒಪ್ಪಿಗೆ ಕೊಡುತ್ತಾರೋ, ಇದನ್ನು ನೋಡಿಕೊಂಡು ಬಿಡಿಭಾಗ ತಯಾರಿಸುತ್ತಾರೋ, ತಮ್ಮ ಡ್ರಾಯಿಂಗಿನೊಳಗೆ ಸೇರಿಸಿಕೊಳ್ಳುತ್ತಾರೋ ಅಥವಾ ಇಪ್ಪತ್ತು ವರ್ಷ ಜೋಪಾನವಾಗಿಡುತ್ತಾರೋ?

"ಫೋಟೋ ಅಥವಾ ಸ್ಕ್ಯಾನ್ ಇದ್ದರೆ ಸಾಕು, ಇದ್ದದ್ದು ಇದ್ದ ಹಾಗೆ ಬರುತ್ತದೆ"

ಬಹಳ ಜನ ನಂಬಿರುವ ಮಾತು ಇದು. ಫೋಟೋ ಎಂದರೆ ಬಣ್ಣದ ಚುಕ್ಕೆಗಳ ರಾಶಿ. ಅದರಲ್ಲಿ 'ಗೆರೆ' ಎಂಬ ವಸ್ತುವೇ ಇರುವುದಿಲ್ಲ, ಕಪ್ಪು ಚುಕ್ಕೆಗಳ ಸಾಲು ಮಾತ್ರ ಇರುತ್ತದೆ. ಸಿಎಡಿ ಫೈಲಿನಲ್ಲಾದರೆ ಗೆರೆ ಎಂದರೆ ಎರಡು ತುದಿಗಳ ನಿರ್ದೇಶಾಂಕಗಳು, ವೃತ್ತ ಎಂದರೆ ಒಂದು ಕೇಂದ್ರ ಮತ್ತು ಒಂದು ತ್ರಿಜ್ಯ. ಎಷ್ಟು ಹಿಗ್ಗಿಸಿದರೂ ಅದು ಮಸುಕಾಗದು. ವಾಟ್ಸ್‌ಆಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಗಾತ್ರ ಇಳಿಸಲು ಅದು ಚಿತ್ರವನ್ನು ಇನ್ನಷ್ಟು ಕುಗ್ಗಿಸುತ್ತದೆ. ದೊಡ್ಡ ಹಾಳೆಯ ಮೂಲೆಯಲ್ಲಿದ್ದ ಸಣ್ಣ ಅಂಕಿ 3 ಎಂದೂ ಕಾಣಬಹುದು, 8 ಎಂದೂ ಕಾಣಬಹುದು. (ವಾಟ್ಸ್‌ಆಪ್‌ನಲ್ಲೇ ಕಳಿಸಬೇಕೆಂದಿದ್ದರೆ 'ಡಾಕ್ಯುಮೆಂಟ್' ಆಯ್ಕೆಯಲ್ಲಿ ಕಳಿಸಿ, ಆಗ ಫೈಲು ಇದ್ದಂತೆಯೇ ಹೋಗುತ್ತದೆ.)

ಮಸುಕಾದರೆ ಕನಿಷ್ಠ ಅನುಮಾನವಾದರೂ ಬರುತ್ತದೆ. ಸ್ಪಷ್ಟವಾಗಿ ಕಂಡೂ ತಪ್ಪಾಗಿದ್ದರೆ? 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಬಯಲಿಗೆಳೆದದ್ದು ಅಂಥದ್ದೇ ಒಂದು ಸಂಗತಿ. ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಕೋಣೆಗಳ ವಿಸ್ತೀರ್ಣ ಬದಲಾಗಿಬಿಟ್ಟಿತ್ತು. ಮೂಲದಲ್ಲಿ 14.13, 21.11 ಮತ್ತು 17.42 ಚದರ ಮೀಟರ್ ಎಂದು ಬರೆದಿದ್ದ ಮೂರು ಕೋಣೆಗಳೂ ಸ್ಕ್ಯಾನಿನಲ್ಲಿ 14.13 ಎಂದೇ ತೋರಿಸುತ್ತಿದ್ದವು. ಅಂಕಿಗಳು ಒಂದಿಷ್ಟೂ ಮಸುಕಾಗಿರಲಿಲ್ಲ. ಎಲ್ಲ ಅಚ್ಚುಕಟ್ಟು, ಎಲ್ಲ ತಪ್ಪು.

ಕಾರಣ ಜೆಬಿಗ್2 ಎಂಬ ಸಂಕುಚನ ವಿಧಾನ. ಪುಟದಲ್ಲಿ ಒಂದೇ ರೀತಿ ಕಾಣುವ ತುಣುಕುಗಳನ್ನು ಅದು ಗುರುತಿಸಿ, ಒಂದನ್ನು ಮಾತ್ರ ಉಳಿಸಿಕೊಂಡು, ಉಳಿದ ಕಡೆಗಳಲ್ಲೆಲ್ಲ ಅದನ್ನೇ ಅಂಟಿಸುತ್ತದೆ. 'ಒಂದೇ ರೀತಿ' ಎನ್ನುವ ತೀರ್ಮಾನ ಸಡಿಲವಾದರೆ ಒಂದು ಅಂಕಿಯ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಅದೇ ವರ್ಷ ಕಂಪನಿ ಯಂತ್ರಗಳ ತಂತ್ರಾಂಶವನ್ನು ಸರಿಪಡಿಸಿತು. ಸ್ಕ್ಯಾನ್ ಎಂದರೆ ನಕಲು ಎಂದುಕೊಂಡಿದ್ದವರಿಗೆಲ್ಲ ಅದೊಂದು ಆಘಾತ. ಕಂಪ್ಯೂಟರಿನಲ್ಲೇ ಬಿಡಿಸಿದ ಡ್ರಾಯಿಂಗನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಕಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಸಹಿ ಮುಖ್ಯ, ನಿಜ. ಆದರೆ ಆ ಸ್ಕ್ಯಾನಿನ ಜೊತೆ ಮೂಲದಿಂದಲೇ ಹೊರಟ ಪಿಡಿಎಫ್ ಕೂಡ ಹೋಗಬೇಕು.

"ಪಿಡಿಎಫ್ ಮಾಡಿದರೆ ಯಾರೂ ತಿದ್ದಲಾರರು"

ಮೊದಲು ಪಿಡಿಎಫ್‌ನ ಒಳ್ಳೆಯ ಗುಣ ಹೇಳೋಣ. ಅಡೋಬಿ ಕಂಪನಿ 1993ರಲ್ಲಿ ಹೊರತಂದ ಈ ಫಾರ್ಮ್ಯಾಟ್ 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಸಿಎಡಿ ತಂತ್ರಾಂಶದಿಂದ ನೇರವಾಗಿ ಮಾಡಿದ ಪಿಡಿಎಫ್‌ನಲ್ಲಿ ಗೆರೆಗಳು ಗೆರೆಗಳಾಗಿಯೇ ಇರುತ್ತವೆ, ಅಕ್ಷರಗಳ ಫಾಂಟ್ ಒಳಗೇ ಸೇರಿರಬಲ್ಲದು. ಗ್ರಾಹಕರು ಫೋನಿನಲ್ಲಿ ತೆರೆದು, ಹಿಗ್ಗಿಸಿ, ಮೇಲೆ ಗುರುತು ಹಾಕಿ ವಾಪಸ್ ಕಳಿಸಬಹುದು. ನೋಡಿ ಒಪ್ಪಿಗೆ ಕೊಡುವುದಕ್ಕೆ ಇದಕ್ಕಿಂತ ಅನುಕೂಲದ್ದು ಇಲ್ಲ. ಬಹುಕಾಲ ಕಾದಿಡಲು ಪಿಡಿಎಫ್/ಎ ಎಂಬ ಪ್ರತ್ಯೇಕ ಬಗೆಯೂ 2005ರಿಂದ ಇದೆ.

ಆದರೆ ಬೀಗ ಹಾಕಿದ ಪೆಟ್ಟಿಗೆ ಎಂದು ಇದನ್ನು ನಂಬುವುದು ತಪ್ಪು. ಗೆರೆಗಳು ಗೆರೆಗಳಾಗಿಯೇ ಇವೆ ಎಂದ ಮೇಲೆ ಅವನ್ನು ಹೊರತೆಗೆಯಲೂ ಬರುತ್ತದೆ. ಆಟೋಕ್ಯಾಡ್‌ನ 2017ರ ಆವೃತ್ತಿಯಲ್ಲಿಯೇ ಪಿಡಿಎಫ್‌ನಿಂದ ಗೆರೆ, ಅಕ್ಷರಗಳನ್ನು ಸಿಎಡಿ ವಸ್ತುಗಳಾಗಿ ತರುವ ಆಜ್ಞೆ ಬಂದಿದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಡ್ರಾಯಿಂಗಿನ ಲೇಯರ್‌ಗಳು ಪಿಡಿಎಫ್‌ಗೂ ಹೋಗಬಹುದು. ನೀವು ಮುಚ್ಚಿಟ್ಟಿದ್ದೇನೆ ಎಂದುಕೊಂಡ ಲೇಯರನ್ನು ಗ್ರಾಹಕರು ಒಂದು ಕ್ಲಿಕ್‌ನಲ್ಲಿ ತೆರೆದು ನೋಡಬಹುದು. ಬೆಲೆಯ ಮೇಲೆ ಕಪ್ಪು ಚೌಕ ಎಳೆದು ಕಳಿಸಿದರೂ ಅಷ್ಟೇ. ಚೌಕದ ಅಡಿಯಲ್ಲಿ ಅಕ್ಷರ ಹಾಗೆಯೇ ಇರುತ್ತದೆ, ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಹೊರಬರುತ್ತದೆ. ಕಾಣಬಾರದ್ದನ್ನು ಮೂಲದಲ್ಲಿಯೇ ಅಳಿಸಿ, ಆಮೇಲೆ ಪಿಡಿಎಫ್ ಮಾಡಬೇಕು. ತಿದ್ದಿದರೆ ಗೊತ್ತಾಗಬೇಕು ಎನ್ನುವುದಾದರೆ ಡಿಜಿಟಲ್ ಸಹಿ ಇದೆ. ಅದು ತಿದ್ದುವುದನ್ನು ತಡೆಯದು, ತಿದ್ದಿದ್ದಾರೆ ಎಂಬುದನ್ನು ತೋರಿಸಿಕೊಡುತ್ತದೆ.

ಪ್ರಿಂಟ್ ತೆಗೆಯುವಾಗಲೂ ಒಂದು ಉಪದ್ರವ ಇದೆ. ಎ1 ಹಾಳೆಗೆ 1:100 ಪ್ರಮಾಣದಲ್ಲಿ ಮಾಡಿದ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಎ3ಗೆ ಪ್ರಿಂಟ್ ಹಾಕಿದರೆ ಉದ್ದ ಸರಿಯಾಗಿ ಅರ್ಧವಾಗುತ್ತದೆ, ಅಂದರೆ ಪ್ರಮಾಣ 1:200 ಆಗುತ್ತದೆ. ಹಾಳೆಯ ಮೇಲೆ ಬರೆದಿರುವುದು ಮಾತ್ರ 1:100 ಎಂದೇ. ಮೇಸ್ತ್ರಿ ಸ್ಕೇಲ್ ಇಟ್ಟು 4 ಸೆಂಟಿಮೀಟರ್ ಅಳೆದು 4 ಮೀಟರ್ ಎಂದುಕೊಂಡರೆ ನಿಜವಾದ ಗೋಡೆ 8 ಮೀಟರ್. ಇಷ್ಟು ದೊಡ್ಡ ತಪ್ಪು ಹೇಗೋ ಗೊತ್ತಾಗುತ್ತದೆ. 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆಯಿಂದ 97 ಶೇಕಡಾಕ್ಕೆ ಕುಗ್ಗಿದ ನಕ್ಷೆ ಇದಕ್ಕಿಂತ ಅಪಾಯಕಾರಿ. ಅಲ್ಲಿ 3 ಮೀಟರಿನ ಗೋಡೆ 2.91 ಮೀಟರ್ ಎಂದು ಅಳತೆ ಕೊಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನಕ್ಷೆಯ ಮೂಲೆಯಲ್ಲಿ ಅಳತೆಪಟ್ಟಿಯೊಂದನ್ನು ಬಿಡಿಸಿಡುವುದು ಇದಕ್ಕಾಗಿಯೇ. ನಕ್ಷೆ ಕುಗ್ಗಿದರೆ ಪಟ್ಟಿಯೂ ಅದರೊಂದಿಗೆ ಕುಗ್ಗುತ್ತದೆ.

ಡಿಡಬ್ಲ್ಯುಜಿ ಕಳಿಸಿದರೂ ಪೂರ್ತಿ ಹೋಗಿರುವುದಿಲ್ಲ

ಆಟೋಕ್ಯಾಡ್ 1982ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ಸ್ವಂತ ಫೈಲ್ ರೂಪವೇ ಡಿಡಬ್ಲ್ಯುಜಿ. ಇದರ ಒಳರಚನೆಯನ್ನು ಆಟೋಡೆಸ್ಕ್ ಕಂಪನಿ ಪ್ರಕಟಿಸಿಲ್ಲ. ಬೇರೆ ತಂತ್ರಾಂಶಗಳೂ ಇದನ್ನು ತೆರೆಯುವಂತಾದದ್ದು, 1998ರಲ್ಲಿ ಹುಟ್ಟಿದ ಈಗಿನ ಓಪನ್ ಡಿಸೈನ್ ಅಲಯನ್ಸ್‌ನಂಥ ಸಂಸ್ಥೆಗಳು ಆ ರಚನೆಯನ್ನು ಬಿಡಿಸಿ ಅರ್ಥಮಾಡಿಕೊಂಡ ಮೇಲೆ.

ಡಿಡಬ್ಲ್ಯುಜಿಯಲ್ಲೂ ತಲೆಮಾರುಗಳಿವೆ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಉಳಿದದ್ದೆಲ್ಲ ಗೀಚುಗೀಚಾಗಿ ಕಂಡರೂ ಮೊದಲ ಆರು ಅಕ್ಷರಗಳನ್ನು ಓದಬಹುದು. ಎಸಿ1027 ಎಂದಿದ್ದರೆ ಅದು 2013ರ ರೂಪ, ಎಸಿ1032 ಎಂದಿದ್ದರೆ 2018ರ ರೂಪ. ಹಳೆಯ ತಂತ್ರಾಂಶ ಹೊಸ ರೂಪವನ್ನು ತೆರೆಯುವುದಿಲ್ಲ. "ಫೈಲ್ ಕರಪ್ಟ್ ಆಗಿದೆ" ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ, 2010 ಅಥವಾ 2013ರ ರೂಪದಲ್ಲಿ ಉಳಿಸಿ ಮತ್ತೊಮ್ಮೆ ಕಳಿಸಿ. ಸುಮ್ಮನೆ ನೋಡುವವರಿಗೆ ಆಟೋಡೆಸ್ಕ್‌ನವರದ್ದೇ ಡಿಡಬ್ಲ್ಯುಜಿ ಟ್ರೂವ್ಯೂ ಉಚಿತವಾಗಿ ಸಿಗುತ್ತದೆ.

ಹೆಚ್ಚು ತೊಂದರೆ ಕೊಡುವುದು ಫೈಲಿನ ಹೊರಗಿರುವ ವಸ್ತುಗಳು. ದೊಡ್ಡ ಯೋಜನೆಗಳಲ್ಲಿ ಕಂಬಗಳ ನಕ್ಷೆ ಒಂದು ಫೈಲಿನಲ್ಲಿ, ಪೈಪುಗಳದ್ದು ಇನ್ನೊಂದರಲ್ಲಿ ಇರುತ್ತದೆ, ಮುಖ್ಯ ಫೈಲು ಅವನ್ನು ಹೊರಗಿನಿಂದ ಕರೆದು ತೋರಿಸುತ್ತದೆ. ಇವಕ್ಕೆ ಎಕ್ಸ್‌ರೆಫ್ ಎನ್ನುತ್ತಾರೆ. ಮುಖ್ಯ ಫೈಲನ್ನು ಮಾತ್ರ ಕಳಿಸಿದರೆ ಗ್ರಾಹಕರ ಪರದೆಯಲ್ಲಿ ಕಂಬಗಳೇ ಇರುವುದಿಲ್ಲ. ಫಾಂಟ್ ಕಥೆಯೂ ಅದೇ, ಅತ್ತ ಆ ಫಾಂಟ್ ಇಲ್ಲದಿದ್ದರೆ ವ್ಯಾಸದ ಚಿಹ್ನೆ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡಬಹುದು. ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗಂತೂ ಇದು ಗೊತ್ತಿರುವ ಪಾಡು. ನುಡಿ, ಬರಹದ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಉತ್ತರ ದಿಕ್ಕು' ಎಂದು ಬರೆದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಆಟೋಕ್ಯಾಡ್‌ನ ಇ-ಟ್ರಾನ್ಸ್‌ಮಿಟ್ ಆಜ್ಞೆ ಎಕ್ಸ್‌ರೆಫ್, ಫಾಂಟ್ ಇತ್ಯಾದಿಗಳನ್ನೆಲ್ಲ ಒಂದೇ ಜಿಪ್ ಫೈಲಾಗಿ ಕಟ್ಟಿಕೊಡುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಈ ಕೆಲಸಕ್ಕೆ ಪ್ಯಾಕ್ ಅಂಡ್ ಗೋ ಇದೆ. ಇಷ್ಟು ಒಳ್ಳೆಯ ಸೌಲಭ್ಯಗಳನ್ನು ವರ್ಷಗಟ್ಟಲೆ ಮುಟ್ಟದೇ ಕೆಲಸ ಮಾಡುವ ಕಚೇರಿಗಳಿವೆ ಎನ್ನುವುದೇ ಆಶ್ಚರ್ಯ.

ತಗಡು ಕತ್ತರಿಸಲು ಡಿಎಕ್ಸ್‌ಎಫ್, ಆದರೆ ಯಾವ ಅಳತೆಯಲ್ಲಿ?

ಡಿಎಕ್ಸ್‌ಎಫ್ ಕೂಡ ಆಟೋಕ್ಯಾಡ್ ಜೊತೆಯಲ್ಲೇ ಹುಟ್ಟಿದ್ದು. ಇದರ ರಚನೆ ಬಹಿರಂಗವಾಗಿದೆ, ಹಾಗಾಗಿ ಲೇಸರ್, ಪ್ಲಾಸ್ಮಾ, ವಾಟರ್‌ಜೆಟ್ ಯಂತ್ರಗಳ ತಂತ್ರಾಂಶಗಳೆಲ್ಲ ಇದನ್ನು ಓದುತ್ತವೆ. ಆದರೆ ಫೈಲಿನೊಳಗಿರುವುದು ಬರೀ ಸಂಖ್ಯೆಗಳು. ಅವು ಮಿಲಿಮೀಟರೋ ಇಂಚೋ ಎಂದು ಹೇಳಲು ಒಂದು ಜಾಗವೇನೋ ಇದೆ, ಆದರೆ ಎಲ್ಲರೂ ಅದನ್ನು ತುಂಬುವುದಿಲ್ಲ, ಎಲ್ಲ ತಂತ್ರಾಂಶಗಳೂ ಅದನ್ನು ನೋಡುವುದಿಲ್ಲ. 120 ಮಿಲಿಮೀಟರಿನ ಪಟ್ಟಿಯನ್ನು ಇಂಚು ಎಂದು ಓದಿದರೆ ಅದು 3048 ಮಿಲಿಮೀಟರ್, ಅಂದರೆ ಹತ್ತು ಅಡಿ ಆಗುತ್ತದೆ. ಇದು ಹಾಸ್ಯವಾಗಿ ಮುಗಿಯುತ್ತದೆ, ಏಕೆಂದರೆ ಇಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಸಣ್ಣ ವಾಷರ್, ಸಣ್ಣ ಕ್ಲಾಂಪುಗಳಲ್ಲಿ ಹಾಸ್ಯ ಇರುವುದಿಲ್ಲ.

ಕತ್ತರಿಸಲು ಕಳಿಸುವ ಡಿಎಕ್ಸ್‌ಎಫ್‌ನಲ್ಲಿ ಕತ್ತರಿಸಬೇಕಾದ ಗೆರೆಗಳಷ್ಟೇ ಇರಬೇಕು. ಅಳತೆಯ ಬಾಣಗಳು, ಹಾಳೆಯ ಚೌಕಟ್ಟು, ಮಧ್ಯರೇಖೆಗಳೆಲ್ಲ ಹೊರಗೆ. ಒಂದರ ಮೇಲೊಂದು ಎರಡು ಗೆರೆಗಳು ಬಿದ್ದಿದ್ದರೆ ನಮ್ಮ ಕಣ್ಣಿಗೆ ಒಂದೇ ಗೆರೆ, ಯಂತ್ರಕ್ಕೆ ಎರಡು. ಅದು ಅದೇ ಜಾಗವನ್ನು ಎರಡು ಸಲ ಸುಡುತ್ತದೆ. ಹಾಗೆಂದು ಡಿಎಕ್ಸ್‌ಎಫ್ ಒಂದನ್ನೇ ಕಳಿಸಿದರೂ ಆಗದು. ತಗಡಿನ ದಪ್ಪ, ಲೋಹ ಯಾವುದು, ಎಷ್ಟು ಬೇಕು, ಯಾವ ರಂಧ್ರಕ್ಕೆ ಎಷ್ಟು ಟಾಲರೆನ್ಸ್ ಎನ್ನುವುದು ಅದರಲ್ಲಿಲ್ಲ. ಅವೆಲ್ಲ ಇರುವ ಪಿಡಿಎಫ್ ಜೊತೆಗಿರಲೇಬೇಕು.

ಮೂರು ಆಯಾಮದ ಮಾದರಿಗಳು

ಇಲ್ಲಿ ಮೂಲ ಫೈಲು ಕಳಿಸಬೇಕೋ ಬೇಡವೋ ಎಂಬುದು ವ್ಯಾಪಾರದ ಪ್ರಶ್ನೆಯೂ ಹೌದು. ಸಾಲಿಡ್‌ವರ್ಕ್ಸ್, ಕ್ಯಾಟಿಯಾದಂಥ ತಂತ್ರಾಂಶಗಳ ಮೂಲ ಫೈಲಿನಲ್ಲಿ ಆ ಭಾಗವನ್ನು ಹೇಗೆ ಕಟ್ಟಿದಿರಿ ಎಂಬ ಇಡೀ ಚರಿತ್ರೆ ಇರುತ್ತದೆ. ಯಾವ ಅಳತೆ ಬದಲಿಸಿದರೆ ಯಾವುದು ಬದಲಾಗುತ್ತದೆ ಎಂಬ ಸೂತ್ರಗಳೂ ಇರುತ್ತವೆ. ಅದನ್ನು ಕೊಟ್ಟರೆ ಅಡುಗೆಯ ಜೊತೆ ಅಡುಗೆಮನೆಯನ್ನೂ ಕೊಟ್ಟಂತೆ.

ಅದಕ್ಕಾಗಿಯೇ ಸ್ಟೆಪ್ ಇದೆ. ಐಎಸ್‌ಒ 10303 ಎಂಬ ಈ ಮಾನದಂಡದ ಮೊದಲ ಭಾಗಗಳು 1994ರಲ್ಲಿ ಪ್ರಕಟವಾದವು. ಸ್ಟೆಪ್ ಫೈಲಿನಲ್ಲಿ ಅಂತಿಮ ಆಕಾರ ನಿಖರವಾಗಿ ಇರುತ್ತದೆ, ಸಿಲಿಂಡರ್ ನಿಜವಾದ ಸಿಲಿಂಡರೇ ಆಗಿರುತ್ತದೆ, ಆದರೆ ಕಟ್ಟಿದ ಚರಿತ್ರೆ ಇರುವುದಿಲ್ಲ. ಬೇರೆ ಕಂಪನಿಯ ತಂತ್ರಾಂಶದಲ್ಲೂ ತೆರೆಯುತ್ತದೆ. ಇದರ ಎಪಿ203, ಎಪಿ214, ಎಪಿ242 ಎಂಬ ಬಗೆಗಳಲ್ಲಿ 2014ರಲ್ಲಿ ಬಂದ ಎಪಿ242 ಮೊದಲೆರಡನ್ನೂ ಒಳಗೊಂಡಿದೆ, ಟಾಲರೆನ್ಸ್‌ಗಳನ್ನೂ ಮಾದರಿಯ ಜೊತೆಗೇ ಒಯ್ಯಬಲ್ಲದು. ಇದಕ್ಕೂ ಹಿಂದಿನದು 1980ರ ಐಜಿಇಎಸ್. ಈಗಲೂ ಕೆಲವರು ಕೇಳುತ್ತಾರೆ. ಅದರಲ್ಲಿ ಹೋದ ಘನವಸ್ತು ಅತ್ತ ಬಿರುಕು ಬಿಟ್ಟ ಮೇಲ್ಮೈಗಳ ಗೊಂಚಲಾಗಿ ಇಳಿಯುವುದುಂಟು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಸ್ಟೆಪ್ ಬಿಟ್ಟು ಅದಕ್ಕೆ ಹೋಗುವ ಕಾರಣವಿಲ್ಲ.

3ಡಿ ಪ್ರಿಂಟಿಂಗ್‌ಗೆ ಬಳಸುವ ಎಸ್‌ಟಿಎಲ್ ಬೇರೆಯೇ ಜಾತಿ. 1980ರ ದಶಕದಲ್ಲಿ 3ಡಿ ಸಿಸ್ಟಮ್ಸ್ ಕಂಪನಿ ರೂಪಿಸಿದ ಇದರಲ್ಲಿ ಎಲ್ಲವೂ ತ್ರಿಕೋನಗಳೇ. ಅಳತೆಯ ಮಾನ ಇಲ್ಲ, ದುಂಡಗಿನ ರಂಧ್ರವೂ ಇಲ್ಲ. ಒರಟಾಗಿ ರಫ್ತು ಮಾಡಿ 20 ಮಿಲಿಮೀಟರ್ ರಂಧ್ರ 12 ಬಾಹುಗಳ ಆಕೃತಿಯಾಯಿತು ಎನ್ನಿ. ಮೂಲೆಯಿಂದ ಮೂಲೆಗೆ ಅದು 20 ಮಿಲಿಮೀಟರೇ, ಆದರೆ ಎದುರುಬದುರು ಬಾಹುಗಳ ನಡುವೆ ಕೇವಲ 19.3. ಅದರೊಳಗೆ 20 ಮಿಲಿಮೀಟರಿನ ಶಾಫ್ಟ್ ಹೋಗುವುದೇ ಇಲ್ಲ. ಪ್ರಿಂಟ್ ಹಾಕಿ ನೋಡಲು ಎಸ್‌ಟಿಎಲ್ ಸರಿ, ಲೇಥಿನಲ್ಲಿ ತಿರುಗಿಸುವವರಿಗೆ ಅದನ್ನು ಕಳಿಸಬಾರದು.

ಒಂದೇ ತಂತ್ರಾಂಶ, ಎರಡು ಆವೃತ್ತಿ

"ನಮ್ಮಲ್ಲೂ ಅದೇ ಸಾಫ್ಟ್‌ವೇರ್ ಇದೆ, ತೊಂದರೆ ಇಲ್ಲ" ಎನ್ನುವವರಿಗೆ ಏರ್‌ಬಸ್ ಎ380 ವಿಮಾನದ ಕಥೆ ಹೇಳಬೇಕು. ಎರಡು ಅಂತಸ್ತಿನ ಈ ವಿಮಾನದಲ್ಲಿರುವ ವೈರುಗಳ ಒಟ್ಟು ಉದ್ದವೇ 500 ಕಿಲೋಮೀಟರಿಗೂ ಹೆಚ್ಚು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾದ ವಿಮಾನದೊಡಲಿನ ಭಾಗಗಳು ಫ್ರಾನ್ಸಿನ ಟುಲೂಸ್‌ಗೆ ಬಂದಾಗ ವೈರಿಂಗ್ ಕಟ್ಟುಗಳು ತಮ್ಮ ಜಾಗದಲ್ಲಿ ಕೂರಲಿಲ್ಲ, ಹಲವು ಕಡೆ ಉದ್ದ ಸಾಲಲಿಲ್ಲ. ಎರಡೂ ಕಡೆಯವರು ಬಳಸುತ್ತಿದ್ದದ್ದು ಕ್ಯಾಟಿಯಾ ತಂತ್ರಾಂಶವನ್ನೇ. ಆದರೆ ಜರ್ಮನಿಯವರದ್ದು ಅದರ ನಾಲ್ಕನೇ ಆವೃತ್ತಿ, ಫ್ರಾನ್ಸಿನವರದ್ದು ಐದನೇ ಆವೃತ್ತಿ. ಐದನೆಯದು ಹೊಸದಾಗಿಯೇ ಬರೆದ ತಂತ್ರಾಂಶವಾದ್ದರಿಂದ ಒಂದರ ಮಾಹಿತಿ ಇನ್ನೊಂದಕ್ಕೆ ಪೂರ್ತಿಯಾಗಿ ದಾಟುತ್ತಿರಲಿಲ್ಲ. ಅಲ್ಯೂಮಿನಿಯಂ ವೈರುಗಳ ಬಳಕೆ, ಪ್ರತಿ ವಿಮಾನಯಾನ ಸಂಸ್ಥೆಗೂ ಬೇರೆ ಬೇರೆ ಒಳವಿನ್ಯಾಸ ಎಂಬ ಕಾರಣಗಳೂ ಸೇರಿಕೊಂಡವು. 2006ರಲ್ಲಿ ಕಂಪನಿ ಮತ್ತೆ ಮತ್ತೆ ವಿಳಂಬ ಘೋಷಿಸಬೇಕಾಯಿತು. ಆ ಒಂದೇ ವರ್ಷದಲ್ಲಿ ಅದರ ಇಬ್ಬರು ಮುಖ್ಯಸ್ಥರು ಹುದ್ದೆ ಬಿಟ್ಟರು. ಮೊದಲ ವಿಮಾನ ಸಿಂಗಾಪುರ್ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ.

ನಷ್ಟ ದೊಡ್ಡ ಕಂಪನಿಗಳಿಗಷ್ಟೇ ಅಲ್ಲ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿನ್ಯಾಸದ ಮಾಹಿತಿ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸರಿಯಾಗಿ ದಾಟದ ಕಾರಣಕ್ಕೆ ಆ ದೇಶದ ವಾಹನ ಉದ್ಯಮ ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರ್ ಕಳೆದುಕೊಳ್ಳುತ್ತಿತ್ತು.

ಹಾಗಾದರೆ ಏನೇನು ಕಳಿಸಬೇಕು?

ಮನೆ ಕಟ್ಟಿಸುವವರಿಗೆ ಪಿಡಿಎಫ್ ಸಾಕು. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಡಿಡಬ್ಲ್ಯುಜಿಯ ಜಿಪ್ ಮತ್ತು ಪಿಡಿಎಫ್. ತಗಡು ಕತ್ತರಿಸುವವರಿಗೆ ಡಿಎಕ್ಸ್‌ಎಫ್ ಮತ್ತು ಪಿಡಿಎಫ್. ಮಷಿನ್ ಶಾಪ್‌ಗೆ ಸ್ಟೆಪ್ ಮತ್ತು ಪಿಡಿಎಫ್. ಪಿಡಿಎಫ್ ಎಲ್ಲ ಕಡೆಯೂ ಇದೆ ಎಂಬುದನ್ನು ಗಮನಿಸಿರಬಹುದು. ಬೇರೆ ಫೈಲು ಅತ್ತ ಹೇಗೆ ತೆರೆದುಕೊಂಡಿದೆ ಎಂದು ಹೋಲಿಸಿ ನೋಡಲು ಅದು ಬೇಕು.

ಎರಡು ಫೈಲು ಕಳಿಸಿದಾಗ ಎರಡರಲ್ಲೂ ಬೇರೆ ಅಳತೆ ಇದ್ದರೆ ಯಾವುದು ಅಂತಿಮ? ಇದನ್ನು ಮೊದಲೇ ಬರೆದುಕೊಡದಿದ್ದರೆ ಜಗಳ ನಿಶ್ಚಿತ, ಮತ್ತು ಜಗಳ ಶುರುವಾಗುವುದು ಮಾಲು ತಯಾರಾದ ಮೇಲೆ. ಪಿಡಿಎಫ್‌ನಲ್ಲಿ ಬರೆದ ಅಳತೆಯೇ ಅಂತಿಮ ಎಂದೋ, ಮಾದರಿಯೇ ಅಂತಿಮ ಎಂದೋ ಒಂದು ಸಾಲು ಡ್ರಾಯಿಂಗಿನ ಮೇಲೇ ಇರಲಿ. ಪರಿಷ್ಕರಣೆಯ ಸಂಖ್ಯೆ ಹಾಳೆಯ ಮೇಲೂ ಫೈಲಿನ ಹೆಸರಿನಲ್ಲೂ ಒಂದೇ ಇರಲಿ. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಇದೇ' ಎಂಬ ಹೆಸರುಗಳಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಅಮೆರಿಕದ ಗ್ರಾಹಕರಿದ್ದರೆ ಇನ್ನೊಂದು ಮಾತು. ನಮ್ಮಲ್ಲಿ ಮತ್ತು ಯುರೋಪಿನಲ್ಲಿ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ರೂಢಿ, ಅಲ್ಲಿ ಥರ್ಡ್ ಆ್ಯಂಗಲ್. ಒಂದರಲ್ಲಿ ಎಡಬದಿಯ ನೋಟ ಬಲಕ್ಕೆ ಬರುತ್ತದೆ, ಇನ್ನೊಂದರಲ್ಲಿ ಎಡಕ್ಕೇ ಇರುತ್ತದೆ. ಹಾಳೆಯ ಮೂಲೆಯ ಮೊಂಡು ಶಂಕುವಿನ ಪುಟ್ಟ ಚಿಹ್ನೆಯನ್ನು ಗಮನಿಸದೇ ಹೋದರೆ ಬ್ರಾಕೆಟ್ಟಿನ ಕನ್ನಡಿ ಪ್ರತಿಬಿಂಬ ತಯಾರಾಗುತ್ತದೆ. ಫಾರ್ಮ್ಯಾಟ್ ಎಷ್ಟೇ ಸರಿಯಿದ್ದರೂ ಈ ತಪ್ಪನ್ನು ಅದು ಹಿಡಿಯದು. ಜೊತೆಗೆ ಸ್ಟೆಪ್ ಮಾದರಿ ಇದ್ದರೆ ಮಾತ್ರ ಬಚಾವು.

ಕೊನೆಗೆ, ಇಮೇಲಿನಲ್ಲಿ ಒಂದು ಪರೀಕ್ಷೆಯ ಅಳತೆ ಬರೆಯಿರಿ. "ಮಾನ ಮಿಲಿಮೀಟರ್. ಎಡತುದಿಯ ರಂಧ್ರದ ಕೇಂದ್ರದಿಂದ ಬಲತುದಿಯ ರಂಧ್ರದ ಕೇಂದ್ರಕ್ಕೆ 184.5 ಇರಬೇಕು. ಫೈಲ್ ತೆರೆದು ಅಳೆದು, ಅಷ್ಟೇ ಬಂತೇ ಎಂದು ತಿಳಿಸಿ" ಎಂದಿದ್ದರೆ ಸಾಕು. ಆ ಉತ್ತರ ಬಂದ ಮೇಲೆ ತಗಡು ಯಂತ್ರದ ಮೇಲೆ ಏರಲಿ.